ಕೆಂಪು ನಲ್ಲಿಯ ನೀರು, ಯಶವಂತನ ಉಣ್ಣೆ ಅಂಗಿ

ಮಸ್ಕತ್ತಿನ ದಾರ್ಸೈಟ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಈಗ ಒಂದು ಉಣ್ಣೆಯ ಅಂಗಿ ಒಣಗುತ್ತಿದೆ. ಅದನ್ನು ಹಗ್ಗಕ್ಕೆ ಹಾಕಿಲ್ಲ. ಹಾಕಿದರೆ ನೀರಿನ ಭಾರಕ್ಕೆ ಜೋತುಬಿದ್ದು ಉದ್ದವಾಗುತ್ತದೆ. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಟವೆಲ್ ಹಾಸಿ, ತೋಳು ಚಾಚಿ ಮಲಗಿಸಿದ್ದೇನೆ. ಅರ್ಧ ಗಂಟೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತೇನೆ. ಒದ್ದೆ ಉಣ್ಣೆಯ ವಾಸನೆ ಮಳೆಯಲ್ಲಿ ನೆನೆದ ಆಡಿನ ವಾಸನೆಯ ಹಾಗೆ. ಅದು ಮನೆಯೆಲ್ಲ ತುಂಬಿದೆ. ಹನ್ನೊಂದು ವರ್ಷದ ಹಿಂದಿನ ಒಂದು ಚಳಿಗಾಲವೇ ಬಾಗಿಲು ತೆಗೆದು ಒಳಗೆ ಬಂದು ಕೂತಂತಾಗಿದೆ. ನಾನು ಓದಿದ್ದು ಏಳನೆಯ ತರಗತಿ. ಆಮೇಲೆ ಮದುವೆಯಾಗುವ ತನಕ ಬೀಡಿ ಕಟ್ಟಿದೆ. ಬರೆದು ಅಭ್ಯಾಸವಿಲ್ಲ. ಆದರೂ ಅಂಗಿ ಒಣಗುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಆ ವರ್ಷ ಸೆಕೆ ಬಿಡಲೇ ಇಲ್ಲ. ದೀಪಾವಳಿ ಕಳೆದರೂ ಏಸಿ ಓಡುತ್ತಿತ್ತು. ನವೆಂಬರ್ ಕೊನೆಯ ಒಂದು ದಿನ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ಗಾಳಿ ತಣ್ಣಗಿತ್ತು! ಎದುರಿನ ಬೋಳು ಗುಡ್ಡದ ಬಣ್ಣವೇ ಬೇರೆಯಾಗಿತ್ತು. ಕಟ್ಟಡದ ತುಂಬ ಕಿಟಕಿಗಳು ತೆರೆದುಕೊಂಡವು. ಆರು ತಿಂಗಳು ಮುಖ ನೋಡದ ಪಕ್ಕದ ಮನೆಯವರು ಬಾಲ್ಕನಿಗೆ ಬಂದು ಮಾತಾಡಿಸಿದರು. ಮಸ್ಕತ್ತಿನಲ್ಲಿ ಮೊದಲ ಚಳಿಯ ದಿನವೆಂದರೆ ಹೀಗೆ, ಪಂಚಾಂಗದಲ್ಲಿಲ್ಲದ ಹಬ್ಬ. ಅದೇ ದಿನ ಸಂಜೆ ನನ್ನ ತಮ್ಮ ಯಶವಂತ ಕೆಲಸದಿಂದ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದ.

"ಅಕ್ಕ, ನನ್ನ ಹೆಸರು ಬಂತು. ಜಬಲ್ ಅಖ್ದರಿಗೆ."

ನಮ್ಮ ಮನೆಮಾತು ತುಳು. ಅವನು ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ಐಟಿಐ ಮುಗಿಸಿ ಬಂದು ನಮ್ಮ ಜೊತೆಗೇ ಇದ್ದ, ಏಸಿ ರಿಪೇರಿಯ ಕೆಲಸ. ಜಬಲ್ ಅಖ್ದರ್ ಎಂಬ ಬೆಟ್ಟದ ಮೇಲೆ ಒಂದು ಹೋಟೆಲಿನ ಬಿಸಿನೀರು, ಹೀಟರ್, ಪೈಪು ಎಲ್ಲ ನೋಡಿಕೊಳ್ಳಲು ಒಬ್ಬ ಟೆಕ್ನಿಷಿಯನ್ ಬೇಕಾಗಿತ್ತು. ಹದಿನೈದು ದಿನ ಪರೀಕ್ಷೆಯ ಕೆಲಸ. ಸರಿ ಕಂಡರೆ ಕಾಯಂ, ಸಂಬಳ ಹೆಚ್ಚು, ಹುದ್ದೆ ದೊಡ್ಡದು. ಆದರೆ ಹಿಂದಿನ ವರ್ಷ ಹೋದವನು ಮಸ್ಕತ್ತಿನ ತೆಳು ಅಂಗಿಯಲ್ಲಿ ಹೋಗಿ, ಮೂರನೇ ದಿನ ಜ್ವರ ಹಿಡಿಸಿಕೊಂಡು ಇಳಿದು ಬಂದಿದ್ದನಂತೆ. ಅಲ್ಲಿ ಬೆಳಗಿನ ಜಾವ ನೀರು ಗಟ್ಟಿಯಾಗುತ್ತದೆ. ಪೈಪು ಒಡೆಯುವುದೂ ಆಗಲೇ, ರಿಪೇರಿಯವನು ಹೊರಗೆ ನಿಲ್ಲಬೇಕಾದದ್ದೂ ಆಗಲೇ. ದಪ್ಪ ಜಾಕೆಟ್ ಹಾಕಿದರೆ ಕೈ ಪೈಪಿನ ಸಂದಿಗೆ ಹೋಗುವುದಿಲ್ಲ.

"ಒಳ್ಳೆಯ ಉಣ್ಣೆಯ ಅಂಗಿ ಒಂದು ಹೊಲಿಸು. ಮೈಗೂ ಬೆಚ್ಚಗೆ, ಕೈಗೂ ಸಲೀಸು," ಎಂದರು ನಮ್ಮವರು. ಅವರು ಕಂಪೆನಿಯೊಂದರಲ್ಲಿ ಡ್ರೈವರ್. ಬೆಟ್ಟದ ಮೇಲೆ ಹೋಗಿ ಬಂದವರು.

ಮಾರನೆಯ ದಿನವೇ ನಾನೂ ಯಶವಂತನೂ ರೂವಿಯ ಪೇಟೆಗೆ ಹೋಗಿ ಬಟ್ಟೆ ತಂದೆವು. ಕಂದು ಬಣ್ಣಕ್ಕೆ ಕಡು ಹಸಿರಿನ ಸಣ್ಣ ಚೌಕುಳಿ. ಅಂಗಡಿಯಲ್ಲೇ ಅದನ್ನು ಕೆನ್ನೆಗೆ ಒತ್ತಿ ನೋಡಿದೆ. ಊರಿನ ಕಂಬಳಿಯ ಹಾಗೆ ಚುಚ್ಚಲಿಲ್ಲ. ಅಲ್ಲಿಂದ ಸೀದಾ ದೂಮಪ್ಪ ಮಾಸ್ಟರ ಅಂಗಡಿಗೆ.

ದೂಮಪ್ಪ ಮಾಸ್ಟರ್ ಕಾರ್ಕಳದ ಕಡೆಯವರು. ರೂವಿಯ ಒಂದು ಓಣಿಯಲ್ಲಿ ಮೂವತ್ತು ವರ್ಷದಿಂದ ಗಂಡಸರ ಬಟ್ಟೆ ಹೊಲಿಯುತ್ತಿದ್ದರು. ಅಂಗಡಿಯ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ವಾಪಸು ಬಂದ ಬಟ್ಟೆಯನ್ನು ನೇತುಹಾಕಲೆಂದು ಅಂಗಡಿ ಶುರು ಮಾಡಿದ ದಿನವೇ ಹೊಡೆದದ್ದಂತೆ. ಆ ಮೊಳೆಯಲ್ಲಿ ಮೂವತ್ತು ವರ್ಷವೂ ಅವರ ಊಟದ ಚೀಲವಲ್ಲದೆ ಬೇರೇನೂ ನೇತಾಡಿರಲಿಲ್ಲ. ಗಿರಾಕಿಗಳಿಗೆ ಆ ಮೊಳೆ ತೋರಿಸುವುದೆಂದರೆ ಅವರಿಗೆ ಭಾರಿ ಖುಷಿ.

ಯಶವಂತ ಎರಡೇ ದಿನದಲ್ಲಿ ಬೇಕು ಎಂದ. ಮಾಸ್ಟರ್ ಕನ್ನಡಕದ ಮೇಲಿಂದ ನೋಡಿದರು.

"ಉಣ್ಣೆ ಅಂದ್ರೆ ಎಮ್ಮೆ ಹಾಗೆ ಮಾರಾಯ. ಮೊದ್ಲು ನೀರು ಕುಡಿಸ್ಬೇಕು. ಕುಡಿಸದೆ ಕತ್ತರಿ ಹಾಕಿದ್ರೆ ಆಮೇಲೆ ಸಿಟ್ಟು ತೀರಿಸ್ಕೊಳ್ತದೆ."

ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಅಳತೆ ಹಾಕಬೇಕು ಎಂದು ನನಗೆ ಬಿಡಿಸಿ ಹೇಳಿದರು. ಮುಂದಿನ ಮಾರ್ಚಿಗೆ ಇಲ್ಲಿನ ಕೆಲಸ ಖಲಾಸ್, ಊರಿಗೆ ಹೋಗುತ್ತೇನೆ, ಹೋಗುವ ಮೊದಲು ಇಂಥದ್ದೊಂದು ಅಂಗಿ ಸಿಕ್ಕಿತಲ್ಲ ಎಂದೂ ಹೇಳಿದರು.

ಬುಧವಾರ ಅಂಗಿ ಬಂತು. ಅದನ್ನು ಹೇಗೆ ಹೇಳಲಿ! ಎದೆಯ ಮೇಲೆ ಎರಡು ಜೇಬು ಇದ್ದವು, ಆದರೆ ಹುಡುಕಬೇಕಿತ್ತು. ಜೇಬಿನ ಚೌಕುಳಿ ಅಂಗಿಯ ಚೌಕುಳಿಗೆ ಗೆರೆಗೆ ಗೆರೆ ಕೂಡಿತ್ತು. ಕಾಲರಿನ ಒಳಗೆ ಕುತ್ತಿಗೆಗೆ ತುರಿಸದಂತೆ ಮೆತ್ತನೆಯ ಹತ್ತಿಬಟ್ಟೆ ಕೊಟ್ಟಿದ್ದರು. ಕೊಂಬಿನ ಗುಂಡಿಗಳು, ಒಂದೊಂದರ ಬುಡಕ್ಕೂ ದಾರ ಸುತ್ತಿ ಗಟ್ಟಿ ಮಾಡಿದ್ದು. ಅಂಗಿಯನ್ನು ಒಳಗು ಹೊರಗು ಮಾಡಿದರೂ ಒಂದು ಎಳೆ ಹೊರಗೆ ಇಣುಕುತ್ತಿರಲಿಲ್ಲ. ಎಲ್ಲ ಅಂಚನ್ನೂ ಮಡಚಿ ಎರಡೆರಡು ಸಾಲು ಹೊಲಿಗೆ ಹಾಕಿದ್ದರು. ಯಶವಂತ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಅವನು ಆಗಲೇ ಬೆಟ್ಟದ ಮೇಲಿರುವವನಂತೆ ಕಂಡ. ಎರಡೂ ಕೈ ಮೇಲೆತ್ತಿ ಪೈಪು ತಿರುಗಿಸುವ ಹಾಗೆ ಮಾಡಿ ತೋರಿಸಿದ. ಅಂಗಿ ಎಲ್ಲಿಯೂ ಎಳೆಯಲಿಲ್ಲ.

ಗುರುವಾರ ಸಂಜೆ ಅಜೈಬಾದಲ್ಲಿ ನಮ್ಮ ನೆಂಟರ ಮನೆಯಲ್ಲಿ ಕೋರಿ ರೊಟ್ಟಿ. ಭಾನುವಾರ ಬೆಟ್ಟಕ್ಕೆ ಹೊರಡುವ ಯಶವಂತನನ್ನು ಕಳಿಸಿಕೊಡುವ ಊಟ. ಅಂಗಿ ತೋರಿಸಬೇಕೆಂದು, ಉಣ್ಣೆಯಲ್ಲಿ ಮೈಗೆ ಸೆಕೆಯಾದರೂ ಹಾಕಿಕೊಂಡೇ ಬಂದ. ಎಲ್ಲರೂ ಮುಟ್ಟಿ ನೋಡಿದರು. ಬಡಿಸುತ್ತಿದ್ದದ್ದು ನಾನು. ಕೋಳಿಸಾರಿನ ಒಂದು ದೊಡ್ಡ ತೊಟ್ಟು ಅವನ ಎದೆಯ ಮೇಲೆ ಬಿತ್ತು. ಯಾರೋ ಅಯ್ಯೋ ಎಂದರು. ಅವನು ನಕ್ಕು, "ಹೆದರಬೇಡಿ, ಅಕ್ಕನ ಕೈಗೆ ಕೊಟ್ಟದ್ದು ಯಾವುದೂ ಹಾಳಾಗಲಿಕ್ಕಿಲ್ಲ," ಎಂದ.

ಇದು ಅವನ ಬಾಯಿಪಾಠ. ನಾನು ಶಾಲೆ ಬಿಟ್ಟು ಅವನ ಶಾಲೆಯ ಅಂಗಿ ಒಗೆದವಳು, ಒಂದು ಜೊತೆಯನ್ನು ಮೂರು ವರ್ಷ ಬಾಳಿಸಿದವಳು. ನಾಲ್ಕು ಜನರ ಎದುರು ಅವನು ಆ ಮಾತು ಹೇಳಿದಾಗ ನನಗಾಗುವ ಸಂತೋಷ ಬೇರೆ ಯಾವುದರಿಂದಲೂ ಆಗುತ್ತಿರಲಿಲ್ಲ. ನನ್ನ ಬಳಿ ಇದ್ದ ಸರ್ಟಿಫಿಕೇಟ್ ಅದೊಂದೇ.

ಇಲ್ಲಿ ನಮ್ಮ ನಲ್ಲಿಯ ಸಂಗತಿ ಹೇಳಬೇಕು. ಮಸ್ಕತ್ತಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುವ ಹಾಗಿರುತ್ತದೆ. ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಅದಕ್ಕೆ ಇಲ್ಲಿನವರೆಲ್ಲ ಒಂದು ಉಪಾಯ ಮಾಡುತ್ತಾರೆ. ಗೀಸರಿನ ಸ್ವಿಚ್ ಆರಿಸಿಬಿಡುತ್ತಾರೆ. ಬಚ್ಚಲುಮನೆಯೊಳಗೆ ನೆರಳಲ್ಲಿರುವ ಗೀಸರಿನಲ್ಲಿ ನೀರು ನಿಂತು ತಣ್ಣಗಾಗುತ್ತದೆ. ಆಗ ಕೆಂಪು ನಲ್ಲಿಯದು ತಣ್ಣೀರು, ನೀಲಿ ನಲ್ಲಿಯದು ಬಿಸಿನೀರು. ವರ್ಷದಲ್ಲಿ ಆರೇಳು ತಿಂಗಳು ಹೀಗೆ. ನಮ್ಮ ವಾಷಿಂಗ್ ಮೆಷಿನ್ನಿನ ಪೈಪನ್ನೂ ನಾನು ಏಪ್ರಿಲಿನಲ್ಲೇ ಕೆಂಪು ನಲ್ಲಿಗೆ ಸಿಕ್ಕಿಸಿದ್ದೆ.

ಶುಕ್ರವಾರ ಬೆಳಿಗ್ಗೆ ನಮ್ಮವರು ಡ್ಯೂಟಿಗೆ ಹೊರಡುವಾಗ, ಚಳಿ ಶುರುವಾಯಿತು, ಗೀಸರ್ ಹಾಕಿದ್ದೇನೆ ಎಂದು ಹೇಳಿದ್ದರು. ನಾನು ಊರಿಗೆ ಫೋನಿನಲ್ಲಿ ಯಶವಂತನ ಸುದ್ದಿ ಹೇಳುವ ಗಡಿಬಿಡಿಯಲ್ಲಿದ್ದೆ. ಹ್ಞೂಂ ಎಂದೆ, ಕೇಳಿಸಿಕೊಳ್ಳಲಿಲ್ಲ. ಯಶವಂತ ದೇವಸ್ಥಾನಕ್ಕೆ ಹೋಗಿದ್ದ. ಕೈಯಲ್ಲಿ ತೊಳೆಯಿರಿ ಎಂದು ಮಾಸ್ಟರ್ ಹೇಳಿದ್ದರೂ, ತಣ್ಣೀರು ತಾನೇ, ಮೆಷಿನ್ನಿಗೇ ಹಾಕೋಣ, ಭಾನುವಾರಕ್ಕೆ ಚೆನ್ನಾಗಿ ಒಣಗಲಿ ಎಂದುಕೊಂಡೆ. ಅಂಗಿ ಹಾಕಿ, ಕೆಂಪು ನಲ್ಲಿ ತಿರುಗಿಸಿ, ಮತ್ತೆ ಫೋನಿಗೆ ಹೋದೆ.

ಮುಕ್ಕಾಲು ಗಂಟೆಯ ಮೇಲೆ ಮುಚ್ಚಳ ತೆಗೆದೆ. ಮುಖಕ್ಕೆ ಹಬೆ ಹೊಡೆಯಿತು.

ಒಳಗಿದ್ದದ್ದು ಯಶವಂತನ ಅಂಗಿ ಅಲ್ಲ. ಹತ್ತು ವರ್ಷದ ಮಗುವಿನ ಅಂಗಿ. ದಪ್ಪವಾಗಿ, ಗಟ್ಟಿಯಾಗಿ, ಕಂಬಳಿಯಾಗಿ ಕೂತಿತ್ತು. ಕೊಂಬಿನ ಗುಂಡಿಗಳು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ, ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ತೋಳು ಹಿಡಿದು ಎಳೆದೆ. ಒಂದು ಬೆರಳಿನಷ್ಟೂ ಹಿಗ್ಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಬಚ್ಚಲಿನ ಹೊರಗೆ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಆ ಸ್ವಿಚ್ ಆರಿಸಿದೆ. ಮೆಷಿನ್ನಿನ ಬಿಸಿನೀರು ಹೊರಗೆ ಬಿಟ್ಟೆ. ಪೈಪನ್ನು ಕೆಂಪು ನಲ್ಲಿಯಿಂದ ಕಿತ್ತು ನೀಲಿ ನಲ್ಲಿಗೆ ಸಿಕ್ಕಿಸಿದೆ. ಅಂಗಿಯನ್ನು ನೀಲಿ ನಲ್ಲಿಯ ತಣ್ಣೀರಲ್ಲಿ ಎರಡು ಸಲ ಅದ್ದಿ, ಬಿಸಿ ಹೋದ ಮೇಲೆ ಕೈಯಲ್ಲಿ ಹಿಡಿದು ನಿಂತೆ. ಯಶವಂತ ಪ್ರಸಾದ ಹಿಡಿದುಕೊಂಡು ಬಂದ. ನೋಡಿದ. ಅವನ ಬಾಯಿಂದ ಮಾತು ಬರುವ ಮೊದಲೇ ನಾನು ಮಾತಾಡಿದೆ.

"ತಣ್ಣೀರಲ್ಲೇ ತೊಳೆದದ್ದು. ಮಾಸ್ಟರ್ ಬಟ್ಟೆಗೆ ನೀರು ಕುಡಿಸಿದ್ದಾರೋ ಇಲ್ಲವೋ. ನೀನು ಅವಸರ ಮಾಡಿದೆಯಲ್ಲ."

ಅವರು ನನಗೆ ಕಲಿಸಿದ್ದನ್ನೇ ಅವರ ಮೇಲೆ ತಿರುಗಿಸಿದೆ. ಯಶವಂತ ನನ್ನ ಮುಖ ನೋಡಿದ, ಅಂಗಿ ನೋಡಿದ. ನನ್ನ ಮೇಲೆ ಅವನಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಅಕ್ಕನ ಕೈ ತಾನೇ. ಫೋನು ಮಾಡಿ ಮಾಸ್ಟರನ್ನು ಶುಕ್ರವಾರದ ರಜೆಯ ದಿನವೇ ಅಂಗಡಿಗೆ ಕರೆಸಿದ.

ಮಾಸ್ಟರ್ ಶಟರ್ ಎತ್ತಿ, ದೀಪ ಹಾಕಿ, ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಒಳಗು ಹೊರಗು ಮಾಡಿದರು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಉಜ್ಜಿ ನೋಡಿದರು. ಯಶವಂತ ಒಂದೇ ಸಮನೆ ಮಾತಾಡುತ್ತಿದ್ದ. ಭಾನುವಾರ ಹೋಗಬೇಕು, ಹೋದವನು ಮೂರು ದಿನಕ್ಕೆ ಇಳಿದು ಬಂದರೆ ಇದ್ದ ಕೆಲಸವೂ ಉಳಿಯುವುದಿಲ್ಲ, ನಿಮ್ಮನ್ನು ನಂಬಿದ್ದೆ, ಊರಿಗೆ ಹೋಗುವ ಗಡಿಬಿಡಿಯಲ್ಲಿ ಹೀಗೆ ಮಾಡಿದಿರಾ ಎಂದೆಲ್ಲ. ಮಾಸ್ಟರ್ ನನ್ನ ಕಡೆ ತಿರುಗಿದರು.

"ಯಾವ ನೀರಲ್ಲಿ ತೊಳೆದದ್ದು ವಸಂತಕ್ಕ?"

"ತಣ್ಣೀರಲ್ಲಿ ಮಾಸ್ಟ್ರೇ."

ಅವರು ಮೇಜಿನ ಮೇಲಿನ ಅಂಗಿಯ ಕಾಲರನ್ನು ಬೆರಳಿನಿಂದ ನೇರ ಮಾಡಿದರು. ಆಮೇಲೆ, "ಹಾಗಾದ್ರೆ ತಪ್ಪು ನಂದೇ ಇರ್ಬೇಕು," ಎಂದರು. ಬಾಗಿಲ ಹಿಂದೆ ಹೋಗಿ ಊಟದ ಚೀಲ ತೆಗೆದು ನೆಲದ ಮೇಲಿಟ್ಟರು. ಆ ಮೊಳೆಗೆ ನಮ್ಮ ಅಂಗಿಯನ್ನು ನೇತುಹಾಕಿದರು.

ಕಪಾಟಿನಿಂದ ಒಂದು ಬೂದು ಬಣ್ಣದ ಉಣ್ಣೆಯ ತುಂಡು ತೆಗೆದರು. ಮಡಿಕೇರಿಯಲ್ಲಿರುವ ಅಳಿಯನಿಗೆಂದು ಎತ್ತಿಟ್ಟದ್ದು, ನೀರು ಕುಡಿಸಿಯೇ ಇಟ್ಟದ್ದು, ಅದಕ್ಕೇ ನಾಳೆಯೊಳಗೆ ಕೊಡಬಹುದು ಎಂದರು. ಯಶವಂತನಿಗೆ ಆ ಮಾತಿನ ಅರ್ಥ ಹೊಳೆಯಲಿಲ್ಲ. ನನಗೆ ಹೊಳೆಯಿತು. ತನ್ನ ಅಳಿಯನ ತುಂಡಿಗೆ ಮರೆಯದೆ ನೀರು ಕುಡಿಸಿಟ್ಟ ಮನುಷ್ಯ ಗಿರಾಕಿಯ ಬಟ್ಟೆಗೆ ಮರೆಯುತ್ತಾರೆಯೇ?

ಶನಿವಾರ ಸಂಜೆ ಅಂಗಿ ತರಲು ನಾನೊಬ್ಬಳೇ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬನು ಮೊಳೆ ನೋಡಿ, "ಏನು ಮಾಸ್ಟ್ರೇ, ನಿಮ್ಮದೂ ವಾಪಸು ಬರ್ತದಾ?" ಎಂದು ತಮಾಷೆ ಮಾಡುತ್ತಿದ್ದ. ಮಾಸ್ಟರ್, ಬರ್ತದೆ, ಬರ್ತದೆ ಎಂದು ನಗುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಅವರು ಬೂದು ಅಂಗಿಯನ್ನು ಕಾಗದದಲ್ಲಿ ಸುತ್ತಿದರು. ಮೊಳೆಯಿಂದ ಹಳೆಯದನ್ನೂ ತೆಗೆದು ಅದರ ಮೇಲಿಟ್ಟರು. ಬಟ್ಟೆ ಒಳ್ಳೆಯದು, ಬಿಸಾಡಬೇಡಿ ಎಂದರು. ನಾನು ಬಾಗಿಲಿಗೆ ಬರುವಾಗ ಹಿಂದಿನಿಂದ ಮೆಲ್ಲಗೆ ಒಂದು ಮಾತು ಹೇಳಿದರು.

"ಇದನ್ನು ಕೈಯಲ್ಲೇ ತೊಳೀರಿ ವಸಂತಕ್ಕ. ನೀಲಿ ನಲ್ಲಿ ನೀರು. ಈಗ ಚಳಿಗಾಲ ಅಲ್ವಾ."

ಅವರಿಗೆ ಗೊತ್ತಿತ್ತು. ತಣ್ಣೀರಿಗೆ ಉಣ್ಣೆ ಹಾಗೆ ಕಂಬಳಿಯಾಗುವುದಿಲ್ಲ, ಬಟ್ಟೆ ಉಜ್ಜಿ ನೋಡಿದ ಕೂಡಲೇ ಗೊತ್ತಾಗಿತ್ತು. ಮೂವತ್ತು ವರ್ಷ ಈ ಊರಿನ ನಲ್ಲಿಯಲ್ಲಿ ಮುಖ ತೊಳೆದವರಿಗೆ ಗೊತ್ತಾಗದಿರುತ್ತದೆಯೇ? ತಮ್ಮನ ಎದುರು ನನ್ನ ಮರ್ಯಾದೆ ಉಳಿಯಲೆಂದು ಆ ಮೊಳೆಯನ್ನು ನನಗೆ ಬಿಟ್ಟುಕೊಟ್ಟಿದ್ದರು.

ಯಶವಂತ ಭಾನುವಾರ ಬೆಟ್ಟ ಹತ್ತಿದ. ಮಂಗಳವಾರ ಬೆಳಿಗ್ಗೆ ಅವನ ಫೋನು. ಉಸಿರು ಬಿಡದೆ ಮಾತಾಡಿದ. ನಲ್ಲಿಯ ಬಾಯಲ್ಲಿ ನೀರು ಕೋಲಿನ ಹಾಗೆ ಗಟ್ಟಿಯಾಗಿ ನಿಂತಿತ್ತಂತೆ! ಹೋಟೆಲಿನ ಹಿಂದುಗಡೆ ದೊಡ್ಡ ಪೈಪು ಒಡೆದಿತ್ತಂತೆ. ಇವನು ಆ ಅಂಗಿಯಲ್ಲೇ ಮೂರು ಗಂಟೆ ಹೊರಗೆ ನಿಂತು ಸರಿ ಮಾಡಿದನಂತೆ. ಇಂಜಿನಿಯರ್ ಬಂದು, ನಿನಗೆ ಚಳಿಯಾಗುವುದಿಲ್ಲವಾ ಎಂದು ಕೇಳಿ, ಅಂಗಿಯ ತೋಳು ಮುಟ್ಟಿ ನೋಡಿದರಂತೆ. ಹದಿನೈದು ದಿನ ಕಾಯುವುದೇ ಬೇಕಾಗಲಿಲ್ಲ. ಎಂಟನೇ ದಿನಕ್ಕೇ ಕಾಯಂ ಎಂದರು. ದಾರ್ಸೈಟ್‌ನಲ್ಲಿ ನಾವು ಕುಣಿದಾಡಿದೆವು. ಕಟ್ಟಡಕ್ಕೆಲ್ಲ ಪಾಯಸ ಹಂಚಿದೆ. ರೂವಿಗೆ ಮಾತ್ರ ಕೊಂಡುಹೋಗಲಿಲ್ಲ. ಮಾರ್ಚಿನಲ್ಲಿ ಮಾಸ್ಟರ್ ಊರಿಗೆ ಹೋದರು. ಬೀಳ್ಕೊಡಲೂ ನಾನು ಹೋಗಲಿಲ್ಲ. ಕುಗ್ಗಿದ ಅಂಗಿಯನ್ನು ಕಪಾಟಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಈಗ ಯಶವಂತ ಆ ಹೋಟೆಲಿನ ಇಡೀ ರಿಪೇರಿ ವಿಭಾಗದ ಮೇಲ್ವಿಚಾರಕ. ಹೆಂಡತಿಯೂ ಎಂಟು ವರ್ಷದ ಮಗಳು ತನ್ವಿಯೂ ಬೆಟ್ಟದ ಕೆಳಗೆ ನಿಜ್ವಾದಲ್ಲಿ. ಶಾಲೆಗೆ ರಜೆ ಬಂದರೆ ಮೇಲೆ ಹೋಗುತ್ತಾರೆ. ಕಳೆದ ತಿಂಗಳು ಫೋನು ಮಾಡಿ, ಈ ಸಲ ಚಳಿ ಜೋರಾಗಿದೆ, ನೀವೂ ಬನ್ನಿ ಎಂದ. ತನ್ವಿಗೆ ಏನು ಕೊಡುವುದೆಂದು ಕಪಾಟು ತೆಗೆದೆ. ಕೈ ತಳಕ್ಕೆ ಹೋಯಿತು. ಕಂದು ಹಸಿರು ಚೌಕುಳಿ. ಎಂಟು ವರ್ಷದ ಮಗುವಿಗೆ ಸ್ವಲ್ಪ ದೊಗಲೆಯಾದೀತು. ಬೆಚ್ಚಗಂತೂ ಇದ್ದೀತು. ಚೀಲಕ್ಕೆ ಹಾಕಿದೆ. ಆಗಲೂ ಕೊಡುವ ಧೈರ್ಯವಿತ್ತೇ ಹೊರತು ಹೇಳುವ ಧೈರ್ಯ ಇರಲಿಲ್ಲ.

ತಿರುವು ತಿರುವಿನ ರಸ್ತೆಯಲ್ಲಿ ಜೀಪು ಏರುತ್ತಿದ್ದಂತೆ ಕಿವಿ ಮುಚ್ಚಿಕೊಂಡಿತು. ಮೇಲೆ ಇಳಿದಾಗ ಉಸಿರು ಹೊಗೆಯಾಗಿ ಬಂತು! ಯಶವಂತ ಓಡಿ ಬಂದ. ಮೈಮೇಲೆ ಬೂದು ಅಂಗಿ. ಮೊಣಕೈಗೆ ತೇಪೆ ಬಿದ್ದಿದ್ದರೂ ಕಾಲರ್ ಮೊದಲಿನ ಹಾಗೇ ನಿಂತಿತ್ತು. ತನ್ವಿಗೆ ಚೌಕುಳಿ ಅಂಗಿ ತೊಡಿಸಿದೆ. ತೋಳು ಒಂದು ಮಡಿಕೆ ಮಡಚಿದರೆ ಸರಿಹೋಯಿತು. "ಸೋ ವಾರ್ಮ್, ಅತ್ತೆ," ಎಂದು ಅಂಗಳದಲ್ಲಿ ಕುಣಿದಳು. ಯಶವಂತ ಗುರುತು ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಮಗಳನ್ನು ಹತ್ತಿರ ಕರೆದು ಕಥೆ ಹೇಳಿದ. ಮಸ್ಕತ್ತಿನಲ್ಲಿ ಒಬ್ಬರು ಟೈಲರ್ ಮಾಸ್ಟರ್ ಇದ್ದರು, ಉಣ್ಣೆಯ ಎಮ್ಮೆಗೆ ನೀರು ಕುಡಿಸಬೇಕು ಅಂತ ಊರಿಗೆಲ್ಲ ಪಾಠ ಹೇಳಿ ತಾನೇ ಮರೆತುಬಿಟ್ಟರು ಎಂದು. ಅವನು ಈ ಕಥೆಯನ್ನು ಬಹಳ ಸಲ, ಬಹಳ ಜನಕ್ಕೆ ಹೇಳಿದ್ದಾನೆಂದು ಹೇಳುವ ಧಾಟಿಯಲ್ಲೇ ತಿಳಿಯುತ್ತಿತ್ತು. ಎಲ್ಲಿ ನಗಬೇಕು ಎಂಬುದೂ ಗೊತ್ತಾಗಿತ್ತು.

"ಬ್ಯಾಡ್ ಟೈಲರಾ ಅಪ್ಪ?" ಎಂದಳು ತನ್ವಿ.

"ಒಳ್ಳೆಯವರೇ. ಕಡೆಗಾಲಕ್ಕೆ ಕೈ ತಪ್ಪಿತು, ಪಾಪ."

ಆ ಪಾಪ ಎಂಬ ಮಾತು ನನ್ನ ಎದೆಗೆ ಹೊಡೆಯಿತು. "ಅವರ ಕೈ ತಪ್ಪಿಲ್ಲ ಯಶು," ಎಂದೆ. "ಗೀಸರ್ ಹಾಕಿತ್ತು. ಕೆಂಪು ನಲ್ಲಿ ಬಿಟ್ಟವಳು ನಾನು. ನೀನು ಬರುವ ಮೊದಲು ಸ್ವಿಚ್ ಆರಿಸಿದ್ದೂ ನಾನೇ."

ನಮ್ಮವರು, ಅಂದು ಗೀಸರ್ ಹಾಕಿದ್ದು ನಾನಲ್ಲವಾ ಎಂದು ಆಗ ನೆನಪು ಮಾಡಿಕೊಂಡರು. ಯಶವಂತ ತನ್ನ ತೋಳಿನ ಬೂದು ಬಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೇಬಿನಿಂದ ಫೋನು ತೆಗೆದು, ಊರಿನಲ್ಲಿ ಯಾರ ಯಾರ ಹತ್ತಿರವೋ ನಂಬರು ಕೇಳಿ, ಕರೆ ಮಾಡಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟ. "ನನಗೆ ಹೇಳಿದ್ದನ್ನು ಅವರಿಗೆ ಹೇಳು," ಎಂದ. ಅಕ್ಕ ಎನ್ನಲಿಲ್ಲ.

ಮಾಸ್ಟರಿಗೆ ಈಗ ಕಿವಿ ಮಂದ. ನಾನು ಮೆಲ್ಲಗೆ ಹೇಳಿದೆ. ಕೇಳುವುದಿಲ್ಲ, ಜೋರಾಗಿ ಹೇಳಿ ಎಂದರು. ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಎಂತ, ಎಂತ ಎಂದರು. ಕೊನೆಗೆ ಆ ತಣ್ಣನೆಯ ಅಂಗಳದಲ್ಲಿ ನಿಂತು, ಹೋಟೆಲಿನ ಜನ ತಿರುಗಿ ನೋಡುವ ಹಾಗೆ ಕೂಗಿದೆ.

"ಬಿಸಿನೀರಲ್ಲಿ ತೊಳೆದು ಹಾಳು ಮಾಡಿದ್ದು ನಾನು ಮಾಸ್ಟ್ರೇ. ಸುಳ್ಳು ಹೇಳಿದ್ದೂ ನಾನೇ."

 ಆ ಕಡೆಯಿಂದ ಮಾಸ್ಟರ್ ಕೇಳಿದ್ದು ಇಷ್ಟು:

"ಆ ಅಂಗಿ ಈಗ್ಲೂ ಉಂಟಾ? ಹೊಲಿಗೆ ನೋಡಿ. ಎಲ್ಲಾದ್ರೂ ಬಿಟ್ಟಿದಾ?"

ಯಶವಂತ ಮಗಳ ಮುಂದೆ ಮೊಣಕಾಲೂರಿ ಕೂತ. ಕಂಕುಳು ನೋಡಿದ, ಕಾಲರ್ ನೋಡಿದ, ತೋಳಿನ ತುದಿ ತಿರುವಿ ನೋಡಿದ. ಬಟ್ಟೆ ಅಷ್ಟು ಕುಗ್ಗಿ ಸೆಳೆದಿದ್ದರೂ ಒಂದು ಎಳೆ ಹೊರಗೆ ಬಂದಿರಲಿಲ್ಲ. ಗುಂಡಿ ಒಂದೂ ಅಲ್ಲಾಡಿರಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡು, "ಇಲ್ಲ ಮಾಸ್ಟ್ರೇ, ಎಲ್ಲಿಯೂ ಬಿಟ್ಟಿಲ್ಲ," ಎಂದ. 

"ಬಿಡ್ಲಿಕ್ಕಿಲ್ಲ," ಎಂದರು ಮಾಸ್ಟರ್.

ಮಾರನೆಯ ದಿನ ನಾವು ಇಳಿದು ಬಂದೆವು. ಯಶವಂತ ನಮ್ಮವರ ಹತ್ತಿರ ಮಾತಾಡಿದ, ನನ್ನ ಹತ್ತಿರ ಇಲ್ಲ. ಮೂರು ವಾರ ಫೋನು ಇರಲಿಲ್ಲ. ನಿನ್ನೆ ಸಂಜೆ ಬೆಟ್ಟದಿಂದ ಬಂದ ಹೋಟೆಲಿನ ಡ್ರೈವರ್ ಒಂದು ಚೀಲ ಕೊಟ್ಟು ಹೋದ. ಒಳಗೆ ಬೂದು ಅಂಗಿ. ಹನ್ನೊಂದು ವರ್ಷ ಅವನು ಅದನ್ನು ತಾನೇ ತೊಳೆದುಕೊಂಡದ್ದು, ಹೆಂಡತಿಗೂ ಕೊಟ್ಟವನಲ್ಲ. ಚೀಲದಲ್ಲಿ ಚೀಟಿ ಏನೂ ಇರಲಿಲ್ಲ.

ಇಂದು ಬೆಳಿಗ್ಗೆ ಎದ್ದು ಮೊದಲು ಗೀಸರಿನ ಸ್ವಿಚ್ ನೋಡಿದೆ. ನೀಲಿ ನಲ್ಲಿಗೆ ಬಕೆಟ್ ಹಿಡಿದು, ಕೈ ಮುಳುಗಿಸಿ, ಮತ್ತೊಮ್ಮೆ ಮುಳುಗಿಸಿ, ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ಅಂಗಿ ಅದ್ದಿದೆ. ಹಿಂಡಲಿಲ್ಲ. ಟವೆಲಿನಲ್ಲಿ ಸುರುಳಿ ಸುತ್ತಿ ಮೆಲ್ಲಗೆ ಒತ್ತಿದೆ. ಇದನ್ನು ಬರೆಯುತ್ತಿರುವಾಗಲೇ ಫೋನು ಬಂತು.

"ಒಣಗಿತಾ?" ಎಂದ ಯಶವಂತ.

"ಇಲ್ಲ. ಕಾಲರಿನ ಹತ್ತಿರ ಇನ್ನೂ ತಣ್ಣಗುಂಟು."

 ಅವನ ಕಡೆ ಗಾಳಿಯ ಸದ್ದು ಕೇಳುತ್ತಿತ್ತು.

"ಇರಲಿ ಅಕ್ಕ," ಎಂದ. "ಅವಸರ ಇಲ್ಲ."